ಹೇಳ್ರಿ, ಯಾವೂರು ಬೇಕು?

1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಜಹೀರಾಬಾದ್ ಬೀದರ್ ಜಿಲ್ಲೆಯ ತಾಲ್ಲೂಕು. ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿದಾಗ ಜಹೀರಾಬಾದ್, ನಾರಾಯಣಖೇಡ, ನ್ಯಾಲ್ಕಲ್ ಆಂಧ್ರದ ಮೆದಕ್ ಜಿಲ್ಲೆಗೆ ಸೇರಿದವು. ಗುಲ್ಬರ್ಗಾದ ತಾಂಡೂರೂ ಆಚೆ ಹೋಯಿತು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ ಒಂದು ಮಾತ್ರ ಬೀದರಿನ ಕಡೆಗೇ ಉಳಿಯಿತು. ನನ್ನ ಸೋದರತ್ತೆಯನ್ನು ಕೊಟ್ಟದ್ದು ಅದೇ ನಿರ್ಣಾಕ್ಕೆ. ಮದುವೆಯಾದಾಗ ಆಕೆ ಪಸ್ತಾಪುರದಿಂದ ಒಂದೇ ತಾಲ್ಲೂಕಿನ ಇನ್ನೊಂದು ಊರಿಗೆ ಹೋಗಿದ್ದಳು; ಮೊದಲ ಮಗು ತೊಟ್ಟಿಲಲ್ಲಿ ಇರುವಾಗಲೇ ತವರುಮನೆ ಬೇರೆ ರಾಜ್ಯವಾಯಿತು. ನಡುವಿನ ಹೊಲ, ಹಳ್ಳ, ಬಂಡಿ ದಾರಿ ಎಲ್ಲ ಇದ್ದ ಹಾಗೆಯೇ ಇದ್ದವು. ಆದರೆ ಅತ್ತೆಯ ಜೊತೆ ಎರಡು ಮಾತು ಆಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಬೇಕು, ಬುಕ್ ಮಾಡಲು ಆಪರೇಟರ್ ಸಿಗಬೇಕು.

ಸಿಗುತ್ತಿದ್ದರು. ಅದನ್ನೇ ನನ್ನ ಓರಗೆಯವರಿಗೆಲ್ಲ ನೆನಪಿಸಬೇಕೆನಿಸಿದೆ.

ಜಹೀರಾಬಾದ್ ಪೇಟೆಯಲ್ಲಿ ಅಪ್ಪ ಮಾಲು ಹಾಕುತ್ತಿದ್ದ ಅಡತಿ ಅಂಗಡಿಯಲ್ಲಿ ಒಂದು ಕಪ್ಪು ಫೋನ್ ಇತ್ತು. ಗಾದಿಯ ಪಕ್ಕದ ಸಣ್ಣ ಕಟ್ಟಿಗೆ ಪೆಟ್ಟಿಗೆಯ ಮೇಲೆ, ಕೈವಸ್ತ್ರ ಹೊದಿಸಿ ಇಟ್ಟಿರುತ್ತಿದ್ದರು. ಪಕ್ಕದ ಹಿಡಿಕೆಯನ್ನು ಗರಗರ ತಿರುವಿ ರಿಸೀವರ್ ಎತ್ತಿದರೆ ಆಚೆಯಿಂದ ಹೆಣ್ಣುದನಿ: “ನಂಬರ್ ಪ್ಲೀಸ್.” ಅಡತಿ ಕಾಕಾ “ನಮಸ್ಕಾರ ಅಕ್ಕಾ” ಎಂದ ಕೂಡಲೇ ಆ ದನಿ ಬದಲಾಗುತ್ತಿತ್ತು. “ಹೇಳ್ರಿ, ಯಾವೂರು ಬೇಕು?” ಪಕ್ಕದ ಬಟ್ಟೆ ಅಂಗಡಿಯ ಸಾಬರು ಎತ್ತಿದರೆ “ಬೋಲೋ ಭಾಯ್”, ಎದುರಿನ ಗೊಬ್ಬರದಂಗಡಿಯವರಿಗೆ “ಚೆಪ್ಪಂಡಿ”. ಉದಗೀರ್ ಕಡೆಯ ವ್ಯಾಪಾರಿಗಳಿಗೆ ಮರಾಠಿ. ಯಾವ ಭಾಷೆ ಬೇಕೆಂದು ಆಕೆ ಯಾರನ್ನೂ ಕೇಳಿದವಳಲ್ಲ. ಹಲೋ ಎಂದ ದನಿಯಲ್ಲೇ ಆಕೆಗೆ ಮನೆತನ ತಿಳಿಯುತ್ತಿತ್ತು.

ಟ್ರಂಕ್ ಕಾಲಿನಲ್ಲಿ ದರ್ಜೆಗಳಿದ್ದವು. ಆರ್ಡಿನರಿ ಎಂದರೆ ಬೆಳಿಗ್ಗೆ ಬರೆಸಿ ಸಂಜೆಯವರೆಗೆ ಕಾಯಬೇಕು. ಅರ್ಜೆಂಟ್ ಎಂದರೆ ಎರಡು ಪಟ್ಟು ದುಡ್ಡು, ಲೈಟ್ನಿಂಗ್ ಎಂದರೆ ಎಂಟು ಪಟ್ಟು. ನಮ್ಮಂಥ ಮನೆಗಳಲ್ಲಿ ಲೈಟ್ನಿಂಗ್ ಎಂಬ ಮಾತು ಕೇಳಿದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಇದರ ಮೇಲೆ ಪಿ.ಪಿ. ಕಾಲ್ ಅಂತ ಇನ್ನೊಂದು. ಹೆಸರು ಹೇಳಿದ ಆಸಾಮಿಯೇ ಬಂದು ರಿಸೀವರ್ ಹಿಡಿದ ಮೇಲೆ ಮಾತಿನ ಲೆಕ್ಕ ಶುರು. ನಿರ್ಣಾದ ಅಂಚೆ ಕಚೇರಿಗೆ ನಾವು ಹಾಕುತ್ತಿದ್ದದ್ದು ಅದೇ. ಅತ್ತೆಯನ್ನು ಮನೆಯಿಂದ ಕರೆಸಬೇಕಲ್ಲ! ಕರೆಯಲು ಹೋದ ಹುಡುಗ ಆಕೆ ಹೊಲದಲ್ಲಿದ್ದರೆ ಹೊಲಕ್ಕೇ ಓಡುತ್ತಿದ್ದ. ಅಷ್ಟು ಹೊತ್ತೂ ಇತ್ತ ಅಪ್ಪ ಗಾದಿಯ ತುದಿಯಲ್ಲಿ, ಚಪ್ಪಲಿ ಕಳಚಿ, ರುಮಾಲು ಸರಿಮಾಡಿಕೊಂಡು ಕೂತಿರುತ್ತಿದ್ದ. ನಡುನಡುವೆ ಗಂಟೆ ಬಾರಿಸಿ ಆಪರೇಟರ್ ಅಕ್ಕ ಹೇಳುತ್ತಿದ್ದಳು: “ಕಾಕಾ, ಲೈನ್ ಹತ್ತಲಿಲ್ಲ ಇನ್ನಾ. ಎದ್ದು ಹೋಗಬ್ಯಾಡ್ರಿ, ನಾ ನೋಡ್ಲತ್ತೀನಿ.”

ಈ ‘ನಾ ನೋಡ್ಲತ್ತೀನಿ’ ಎಂಬ ಮಾತಿನ ಭರವಸೆ ಎಂಥದ್ದೆಂದು ಈಗ ಅರ್ಥವಾಗುತ್ತಿದೆ. ಅಪ್ಪ ಆ ಮಾತಿನ ಮೇಲೆ ಮೂರು ತಾಸು ಬೇಕಾದರೂ ಕೂರುತ್ತಿದ್ದ.

ಲೈನ್ ಹತ್ತಿತೆಂದರೆ ಅಂಗಡಿಯಲ್ಲಿ ತಕ್ಕಡಿಯೂ ನಿಲ್ಲುತ್ತಿತ್ತು. ಅಪ್ಪನ ಕೂಗು ಪೇಟೆಯ ಅರ್ಧಕ್ಕೆ ಕೇಳುವುದು. “ಹಲೋ, ತಂಗೀ, ನಾ ಮಾತಾಡ್ಲತ್ತೀನಿ, ಕೇಳಸ್ಲತದಾ?” ಮೂರು ನಿಮಿಷಕ್ಕೆ ಒಂದು ಪಾಲು. ಪಾಲು ಮುಗಿದಾಗ ಆಪರೇಟರ್ ನಡುವೆ ಬಂದು “ಮೂರು ನಿಮಿಷ ಆತ್ರಿ, ಮುಂದುವರಸ್ತೀರಾ?” ಎಂದು ಕೇಳಬೇಕು, ಅದು ಆಕೆಯ ಕೆಲಸ. ಅಜ್ಜಿ ಹೋದ ಸುದ್ದಿಯನ್ನು ಅಪ್ಪ ಅತ್ತೆಗೆ ಹೇಳಿದ ದಿನ ಆಚೆ ಅಳುವುದು, ಈಚೆ ಅಳುವುದು, ಮಾತೇ ಇಲ್ಲ. ಅಕ್ಕ ನಡುವೆ ಬಂದಳು. ಆದರೆ ನಿಮಿಷದ ಮಾತು ಎತ್ತಲಿಲ್ಲ. “ಅಕ್ಕೋರೆ, ಮಣ್ಣು ನಾಳೆ ಬೆಳಿಗ್ಗೆ ಅಂತ. ಈಗ ಬಸ್ ಹಿಡದ್ರ ಮುಖ ನೋಡ್ತೀರಿ. ಅಳಬ್ಯಾಡ್ರಿ, ಹೊರಡ್ರಿ.” ಇಬ್ಬರಿಗೂ ಬಾಯಿಗೆ ಬಾರದೆ ಹೋದದ್ದು ಅದೊಂದೇ, ಅದನ್ನು ಆಕೆ ಹೇಳಿದಳು. ಅತ್ತೆ ಬಂದು ತಾಯಿಯ ಮುಖ ನೋಡಿದಳು.

ಮರುವರ್ಷ ಜೋಳ ಹಾಲುಗಾಳಿಗೆ ಬಂದಾಗ ಅಪ್ಪ ಒಂದು ಚೀಲ ಸೀತನಿ ತೆನೆ ಕಟ್ಟಿ “ಎಕ್ಸ್‌ಚೇಂಜಿನ ಅಕ್ಕಗ ಕೊಟ್ಟು ಬಾ” ಎಂದು ನನ್ನನ್ನು ಕಳಿಸಿದ. ದನಿಯಾಗಿ ಮಾತ್ರ ಗೊತ್ತಿದ್ದವಳನ್ನು ನಾನು ಕಣ್ಣಾರೆ ಕಂಡದ್ದು ಆಗ. ನಡುವಯಸ್ಸಿನ ಹೆಂಗಸು, ತಲೆಗೆ ಹೆಡ್‌ಸೆಟ್, ಎದುರಿಗೆ ಆಳೆತ್ತರದ ಹಲಗೆ. ಯಾರಾದರೂ ಹಿಡಿಕೆ ತಿರುವಿದರೆ ಅವರ ನಂಬರಿನ ಸಣ್ಣ ಮುಚ್ಚಳ ಟಪ್ಪೆಂದು ಬೀಳುತ್ತದೆ. ಒಂದು ಕಾರ್ಡನ್ನು ಆ ತೂತಿಗೆ ಚುಚ್ಚಿ ಮಾತು ಕೇಳುತ್ತಾಳೆ, ಜೋಡಿ ಕಾರ್ಡನ್ನು ಕೇಳಿದವರ ತೂತಿಗೆ ಚುಚ್ಚಿ ಗಂಟೆ ಕೊಡುತ್ತಾಳೆ. ಟ್ರಂಕ್ ಕಾಲಿಗೆ ಬೇರೆ ಚೀಟಿ. ಬುಕ್ ಮಾಡಿದ ಹೊತ್ತು, ಲೈನ್ ಹತ್ತಿದ ಹೊತ್ತು, ಬಿಟ್ಟ ಹೊತ್ತು ಪೆನ್ಸಿಲಿನಲ್ಲಿ ಬರೆಯಬೇಕು. ನಾನು ನಿಂತಿದ್ದಷ್ಟು ಹೊತ್ತು ಆಕೆಯ ಎರಡೂ ಕೈ ಬಿಡುವಾಗಲಿಲ್ಲ. ತೆನೆ ಚೀಲವನ್ನು ಕಣ್ಣಲ್ಲೇ ನೋಡಿ ನಕ್ಕಳು. “ಪಸ್ತಾಪುರದ ಕೆಂಪು ಹೊಲದ್ದೇನು? ನಿಮ್ಮಪ್ಪಗ ಹೇಳು, ಕರಿ ಹೊಲದ್ದಕ್ಕಿಂತ ಇದಾ ಸಿಹಿ ಅಂತ.”

ಆ ಹಲಗೆಗಳ ಕಾಲ ಮುಗಿಯುತ್ತ ಬಂದಿತ್ತು. ಸ್ಯಾಮ್ ಪಿತ್ರೋಡಾ ಮುಂದಾಳಾಗಿದ್ದ ಸಿ-ಡಾಟ್ ಹುಟ್ಟಿದ್ದು 1984ರಲ್ಲಿ. ಅದು ತಯಾರಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು, 128 ಲೈನಿನದು, 1986ರಲ್ಲಿ ಶುರುವಾದದ್ದು ನಮ್ಮ ಕನ್ನಡನಾಡಿನ ಕಿತ್ತೂರಿನಲ್ಲಿ. ಎ.ಸಿ. ಇಲ್ಲದ ಕೋಣೆಯಲ್ಲಿ, ಧೂಳು ಸೆಖೆಯಲ್ಲಿ ನಡೆಯುವ ಯಂತ್ರ. ಅಂಥವು ಊರೂರಿಗೆ ಬಂದವು, ಹಿಡಿಕೆ ಫೋನು ಹೋಗಿ ತಿರುಗುವ ಬಿಲ್ಲೆಯ ಫೋನು, ಆಮೇಲೆ ಗುಂಡಿಯ ಫೋನು ಬಂತು. ಅದು ಬಂದದ್ದು ಒಳ್ಳೆಯದೇ ಆಯಿತು, ಅತ್ತೆಯ ದನಿಗೆ ದಿನವಿಡೀ ಕಾಯುವುದು ತಪ್ಪಿತು.

ಎಸ್.ಟಿ.ಡಿ. ಬೂತುಗಳ ಕಾಲದಲ್ಲೂ ಮನುಷ್ಯರು ಇದ್ದೇ ಇದ್ದರು. ಬಸ್ ನಿಲ್ದಾಣದ ಎದುರಿನ ಹಳದಿ ಬೋರ್ಡು, ಗಾಜಿನ ಬಾಗಿಲ ಗೂಡು, ಗೋಡೆಯ ಮೇಲೆ ಓಡುವ ಕೆಂಪು ಅಂಕಿ. ನಮಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿದ್ದ ಕೋಡುಗಳು: ಬೀದರ್ 08482, ಗುಲ್ಬರ್ಗಾ 08472, ತಾಂಡೂರು 08411, ನಮ್ಮದು 08451. ರಾತ್ರಿ ದರ ಇಳಿದ ಮೇಲೆ ಬೂತಿನ ಮುಂದೆ ಸಾಲು. ಹೈದರಾಬಾದಿನಲ್ಲಿ ಓದುವ ಮಗನಿಗೆ ಮಾಡುವವರು, ಮುಂಬಯಿಗೆ ದುಡಿಯಲು ಹೋದ ಗಂಡನಿಗೆ ಮಾಡುವವರು, ಸೌದಿಯ ಫೋನಿಗಾಗಿ ಕಾಯುವ ಸಾಬರ ಮನೆಯ ಹೆಣ್ಣುಮಕ್ಕಳು. ಬೂತಿನ ಅಣ್ಣನಿಗೆ ಒಂದು ಕಾಲು ಸ್ವಾಧೀನದಲ್ಲಿರಲಿಲ್ಲ. ಅಂಗವಿಕಲರಿಗೆ ಬೂತು ಕೊಡುವ ಪದ್ಧತಿಯಲ್ಲಿ ಸಿಕ್ಕಿದ ಜೀವನಾಧಾರ ಅದು. ಪಸ್ತಾಪುರದ ಯಾವ ಮನೆಗೆ ಹೊರಗಿನಿಂದ ಫೋನ್ ಬಂದರೂ ಸುದ್ದಿ ಬರೆದಿಟ್ಟುಕೊಂಡು, ಊರ ಕಡೆ ಹೋಗುವ ಟೆಂಪೋದವನ ಕೈಗೆ ಚೀಟಿ ಕೊಡುತ್ತಿದ್ದ. ‘ನಿಮ್ಮ ತಮ್ಮ ಪಾಸಾಗ್ಯಾನ’ ಎಂದು ಬರೆದಿದ್ದ ಅಂಥದೊಂದು ಚೀಟಿಯನ್ನು ಅವ್ವ ಬಹಳ ವರ್ಷ ದೇವರ ಫೋಟೋದ ಹಿಂದೆ ಇಟ್ಟಿದ್ದಳು.

ಫೋನ್ ಕೆಟ್ಟರೆ 198. ನಂಬರು ಬೇಕಾದರೆ 197. ಎರಡಕ್ಕೂ ಮನುಷ್ಯರೇ ಎತ್ತುತ್ತಿದ್ದರು. ದೂರು ಬರೆಸಿದ ಮರುದಿನವೋ ಅದರ ಮರುದಿನವೋ ಲೈನ್‌ಮನ್ ಮಾಮಾ ಸೈಕಲ್ಲಿನ ಹಿಂದೆ ತಂತಿಯ ಸುರುಳಿ ಕಟ್ಟಿಕೊಂಡು ಬರುವನು. ಕಂಬ ಹತ್ತಿ, ಸೊಂಟದ ಹ್ಯಾಂಡ್‌ಸೆಟ್ ಸಿಕ್ಕಿಸಿ, ಅಲ್ಲಿಂದಲೇ ಎಕ್ಸ್‌ಚೇಂಜಿಗೆ ಮಾತಾಡುವನು. ಇಳಿದ ಮೇಲೆ ಜೋಳದ ರೊಟ್ಟಿ, ಪುಂಡಿ ಪಲ್ಯ ತಿಂದು, ಮಕ್ಕಳ ಮಾರ್ಕು ಕೇಳಿಯೇ ಹೋಗಬೇಕು.

2004ರ ಜನವರಿಯಲ್ಲಿ ಕಿಸಾನ್ ಕಾಲ್ ಸೆಂಟರ್ ಶುರುವಾಯಿತು. ಅಪ್ಪನಿಗೆ ಆಗ ವಯಸ್ಸಾಗಿತ್ತು. ತೊಗರಿ ಹೂವಿನ ಹೊತ್ತಿಗೆ ಸಾಲು ಸಾಲಾಗಿ ಬಾಡತೊಡಗಿದಾಗ ನಾನೇ 1551 ಹಚ್ಚಿ ಕೈಗೆ ಕೊಟ್ಟೆ. ಎತ್ತಿದವಳು ಕೃಷಿ ಓದಿದ ಹುಡುಗಿ, ತೆಲುಗಿನಲ್ಲಿ ಮಾತಾಡಿದಳು. ಅಪ್ಪನ ತೆಲುಗು ಅರ್ಧ ಕನ್ನಡ. ಆಕೆ ಒಮ್ಮೆಯೂ ‘ಅರ್ಥವಾಗಲಿಲ್ಲ’ ಎನ್ನಲಿಲ್ಲ. ಗಿಡ ಸೀಳಿ ನೋಡು ತಾತಾ, ಒಳಗೆ ಕಪ್ಪು ಗೆರೆ ಇದೆಯೇ ಎಂದಳು. ಅಪ್ಪ ಹೊಲದಲ್ಲೇ ಕುಕ್ಕರಗಾಲಲ್ಲಿ ಕೂತು ಕುಡುಗೋಲಿನಿಂದ ಕಾಂಡ ಸೀಳಿದ. ಗೆರೆ ಇತ್ತು. ಸೊರಗು ರೋಗ, ಈ ವರ್ಷ ಉಳಿಸಿಕೊಳ್ಳುವುದು ಕಷ್ಟ, ಮುಂದಿನ ವರ್ಷ ಆ ತುಂಡಿನಲ್ಲಿ ಜೋಳ ಹಾಕು, ತೊಗರಿ ಬೇಡ ಎಂದಳು. ಫೋನ್ ಇಟ್ಟ ಮೇಲೆ ಅಪ್ಪ ಹೇಳಿದ್ದು: “ಎಕ್ಸ್‌ಚೇಂಜಿನ ಅಕ್ಕನ ಮಗಳಾ ಇರಬೇಕು ನೋಡು.” ಆತನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆಯಲ್ಲೂ ಅದೇ ಅನುಭವ. ನಡುರಾತ್ರಿ ಫೋನ್ ಮಾಡಿದರೆ ಜೀವಂತ ದನಿಯೊಂದು “ಏನಾಯಿತು ಹೇಳಿ” ಎನ್ನುತ್ತಿತ್ತು. 2008ರ ಅಕ್ಟೋಬರಿನಲ್ಲಿ ಪಕ್ಕದ ಮಾಚನೂರಿನಿಂದ ಸಂಘಂ ರೇಡಿಯೊ ಮಾತಾಡತೊಡಗಿತು. ಮೈಸೂರು ಕಡೆಯಿಂದ ಬಂದು ಪಸ್ತಾಪುರವನ್ನೇ ತನ್ನೂರು ಮಾಡಿಕೊಂಡಿದ್ದ ಪಿ.ವಿ. ಸತೀಶ್ ಮತ್ತು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು ಕಟ್ಟಿದ ಬಾನುಲಿ ಅದು. ನವಣೆ, ಸಾವೆ, ಬೀಜ ಕಾಪಿಡುವ ಬಗೆ, ಬಾಣಂತಿ ಆರೈಕೆ, ಎಲ್ಲವೂ ನಮ್ಮ ಸೀಮೆಯ ತೆಲುಗಿನಲ್ಲಿ, ನಾವು ಸಂತೆಯಲ್ಲಿ ಕಾಣುವ ಹೆಂಗಸರ ಬಾಯಿಂದಲೇ. ಅವ್ವ ಅಡುಗೆಮನೆಯಲ್ಲಿ ಕೇಳುತ್ತ “ಹೌದವ್ವಾ” ಎಂದು ಉತ್ತರ ಕೊಡುತ್ತಿದ್ದಳು. 2023ರ ಮಾರ್ಚಿನಲ್ಲಿ ಸತೀಶ್ ತೀರಿಕೊಂಡರೆಂದು ಕೇಳಿ ಆಕೆ ಅಂದು ಒಲೆ ಹಚ್ಚಲಿಲ್ಲ.

ಹೋದ ವರ್ಷ ಅವ್ವನ ಪಿಂಚಣಿ ದುಡ್ಡು ಖಾತೆಗೆ ಬಾರದಾಗ ಒಂದು ಸಹಾಯವಾಣಿಗೆ ಫೋನ್ ಮಾಡಿದೆವು. ತೆಲುಗಿಗೆ ಒಂದು, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು. ಕನ್ನಡ ಆ ಸಾಲಿನಲ್ಲಿ ಇಲ್ಲ, ನಾವಿರುವುದು ತೆಲಂಗಾಣ. ಒತ್ತುತ್ತ ಹೋದರೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ. ನೂರಕ್ಕೆ 95 ಕರೆಗಳನ್ನು 90 ಸೆಕೆಂಡಿನೊಳಗೆ ಮನುಷ್ಯರು ಎತ್ತಬೇಕೆಂದು ಟ್ರಾಯ್ ದೂರವಾಣಿ ಕಂಪನಿಗಳಿಗೆ ಮಾನದಂಡ ಹಾಕಿದ್ದು ಗೊತ್ತಿದೆ. ಈ ಸಹಾಯವಾಣಿಗೆ ಅಂಥ ಕಟ್ಟಳೆ ಇದ್ದಂತೆ ಕಾಣಲಿಲ್ಲ. ಅವ್ವ ಬೇಸರಪಟ್ಟದ್ದು ಕಾಯುವುದಕ್ಕಲ್ಲ, ಕಾದು ಗೊತ್ತಿದ್ದ ಜೀವ ಅದು. “ಯಾರಾರ ‘ನಾ ನೋಡ್ಲತ್ತೀನಿ’ ಅಂದ್ರ ಸಾಕಾಗಿತ್ತಪ್ಪಾ” ಎಂದಳು. ನನಗೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಲೈನ್‌ಮನ್ ಮಾಮಾನ ಮಗ. ಅವನೂ ತಂದೆಯ ಕೆಲಸವನ್ನೇ ಹಿಡಿದಿದ್ದ. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ಪಡೆದು ಬಿ.ಎಸ್.ಎನ್.ಎಲ್. ಬಿಟ್ಟ 78 ಸಾವಿರಕ್ಕೂ ಹೆಚ್ಚು ನೌಕರರಲ್ಲಿ ಅವನೂ ಒಬ್ಬ. ಈಗ ಜಹೀರಾಬಾದಿನಲ್ಲಿ ಅವನದು ಝೆರಾಕ್ಸ್ ಅಂಗಡಿ. ಪಸ್ತಾಪುರ, ಮಾಚನೂರು, ಝರಾಸಂಗಮ ಕಡೆಯ ಮುದುಕ-ಮುದುಕಿಯರೆಲ್ಲ ಗ್ಯಾಸ್ ಬರದಿದ್ದರೂ ಅವನಿಗೇ ಫೋನ್ ಮಾಡುತ್ತಾರೆ, ಆಧಾರ್ ಹೊಂದದಿದ್ದರೂ ಅವನಿಗೇ. ಯಾವ ಸಹಾಯವಾಣಿಯಲ್ಲಿ ಯಾವ ಗುಂಡಿಯ ಮೇಲೆ ಯಾವ ಗುಂಡಿ ಒತ್ತಿದರೆ ಮನುಷ್ಯರು ಸಿಗುತ್ತಾರೆಂದು ಹಳೆಯ ಟ್ರಂಕ್ ಚೀಟಿಗಳಂಥದೇ ಉದ್ದನೆ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಅವ್ವನ ಕೆಲಸಕ್ಕೆ ಅವನೇ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಆಚೆಯ ಹುಡುಗನ ಹಿಂದಿಯನ್ನು ಅವ್ವನಿಗೆ ಕನ್ನಡದಲ್ಲಿ, ಅವ್ವನ ಕನ್ನಡವನ್ನು ಅವನಿಗೆ ಹಿಂದಿಯಲ್ಲಿ ದಾಟಿಸಿದ. ದುಡ್ಡು ಬಂತು. ಅಂಗಡಿಯ ಲೆಕ್ಕಕ್ಕೆ ಎಷ್ಟಾಯಿತು ಎಂದು ಕೇಳಿದೆ.

“ಫೋನಿಗಿ ಯಾರ್ ದುಡ್ಡು ತಗೋತಾರಣ್ಣಾ? ಸೀತನಿ ಸುಗ್ಗಿಗಿ ಒಂದ್ ಚೀಲ ಕಳಸ್ರಿ.”