ಅಮ್ಮನ ಒಂದು ಬಕೆಟ್ ಬಿಸಿನೀರು

ಕಳೆದ ಡಿಸೆಂಬರ್ ಮೊದಲ ವಾರ ಬಂದ ಕರೆಂಟ್ ಬಿಲ್ ನೋಡಿ ನನ್ನ ಬಾಯಿಂದ ಮೊದಲು ಬಂದ ಮಾತು, "ಅಮ್ಮಾ, ಗೀಸರ್ ಆಫ್ ಮಾಡೋದು ಮರೀಬೇಡ ಕಣೇ." ಅಷ್ಟೇ. ಜಗಳವಲ್ಲ, ಬೈಗುಳವೂ ಅಲ್ಲ. ಆದರೆ ಆ ಒಂದು ಮಾತು ಮನೆಯಲ್ಲಿ ಏನು ಮಾಡಿತು ಅನ್ನೋದು ನನಗೆ ಗೊತ್ತಾಗಿದ್ದು ಹನ್ನೊಂದು ದಿನ ಕಳೆದ ಮೇಲೆ.

ನಾವಿಬ್ಬರು 2021ರಿಂದ ಬೆಂಗಳೂರಿನ ಇದೇ ಬಾಡಿಗೆ ಮನೆಯಲ್ಲಿದ್ದೇವೆ. 2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್ ಫ್ರೀ ಅಂತ ನಾವೂ ಕುಣಿದಾಡಿದ್ದೆವು. ಆಮೇಲೆ ತಿಳಿಯಿತು, ಎಲ್ಲರಿಗೂ 200 ಅಲ್ಲ. ಹಿಂದಿನ ವರ್ಷ ನಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಎಷ್ಟಾಗುತ್ತೋ ಅಷ್ಟು. ನಮ್ಮ ಪಾಲಿಗೆ ಬಂದದ್ದು 138. ಅದನ್ನು ದಾಟಿದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ ದುಡ್ಡು ಕಟ್ಟಬೇಕು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ ನಮ್ಮ ತಲೆ ಮೇಲೆ. ಅಲ್ಲಿಯವರೆಗೆ ನಮ್ಮದು ಯಾವಾಗಲೂ ಸೊನ್ನೆ ಬಿಲ್. ಆ ತಿಂಗಳು ಬಂದದ್ದು 207. ಏಳು ಯೂನಿಟ್ ಹೆಚ್ಚಾಗಿದ್ದಕ್ಕೆ ಸಾವಿರದ ಏಳುನೂರರ ಹತ್ತಿರ ಕಟ್ಟಬೇಕಾಯ್ತು ಅಂದ್ರೆ ಹೊಟ್ಟೆ ಉರಿಯಲ್ವಾ?

ಅಮ್ಮ ತೀರ್ಥಹಳ್ಳಿ ಕಡೆಯವಳು. ಮಂಡಿನೋವಿನ ಚಿಕಿತ್ಸೆಗೆ ಅಂತ ನವೆಂಬರ್‌ನಲ್ಲಿ ಬಂದಿದ್ದಳು. ಮನೆಗೆ ಹೊಸದಾಗಿ ಬಂದವಳು ಅವಳು, ಬಿಲ್ ಏರಿದ್ದೂ ಆಗಲೇ. ನನ್ನ ತಲೆ ಅದಕ್ಕಿಂತ ಮುಂದೆ ಓಡಲೇ ಇಲ್ಲ.

ಒಂದು ದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ ಬಂದಾಗ ಟವೆಲ್ ಕೊಡಲು ಹೋಗಿ ಕೈ ಮುಟ್ಟಿದೆ. ಐಸ್ ಥರ ತಣ್ಣಗಿತ್ತು. "ಗೀಸರ್ ಹಾಕಿಲ್ವಾ?" ಅಂದೆ. "ಎಂಥಾ ಬಿಸಿನೀರು ಮಾರಾಯ್ತಿ, ನಂಗೆ ತಣ್ಣೀರೇ ಅಭ್ಯಾಸ ಆಗಿದೆ" ಅಂದಳು. ಶುದ್ಧ ಸುಳ್ಳು. ಊರಿನ ಮನೆಯಲ್ಲಿ ಅಡಿಕೆ ಸಿಪ್ಪೆ ತುಂಬಿ ಬಚ್ಚಲೊಲೆ ಉರಿಸಿ, ಹಂಡೆ ನೀರು ಕುದಿಯೋ ಹಾಗೆ ಕಾಯಿಸಿ, ಮೈ ಕೆಂಪಾಗೋವರೆಗೆ ಹುಯ್ದುಕೊಳ್ಳುವ ಹೆಂಗಸು ಅವಳು! ಮಂಡಿನೋವು ಯಾಕೆ ಕಡಿಮೆಯಾಗ್ತಿಲ್ಲ ಅಂತ ನಾವು ಡಾಕ್ಟರ್‌ನ ಬೇರೆ ಬದಲಿಸೋ ಯೋಚನೆಯಲ್ಲಿದ್ದೆವು.

ನನಗೆ ಅಳು ಬಂತು. ಅವಳು ಅದನ್ನೂ ತಮಾಷೆ ಮಾಡಿದಳು. ಆಮೇಲೆ ಮೆಲ್ಲಗೆ, "ಅಲ್ಲಾ, ನಾನು ಮಲಗೋ ರೂಮಿನಲ್ಲಿ ನಿನ್ನ ಆ ಮಿಷನ್ ರಾತ್ರಿ ಇಡೀ ಗುಂಯ್ ಅಂತಿರ್ತದಲ್ಲ, ಅದಕ್ಕೆ ಕರೆಂಟ್ ಬೇಡ್ವಾ?" ಅಂದಳು.

ಮಿಷನ್ ಅಂದ್ರೆ ನನ್ನ ಆಫೀಸ್ ಕಂಪ್ಯೂಟರ್. ನವೆಂಬರ್‌ನಲ್ಲೇ ಪೂರ್ತಿ ವರ್ಕ್ ಫ್ರಮ್ ಹೋಮ್ ಆಗಿ, ದೊಡ್ಡ ಡೆಸ್ಕ್‌ಟಾಪ್, ಎರಡು ಸ್ಕ್ರೀನ್ ಮನೆಗೆ ಬಂದಿದ್ದವು. ಬೆಳಿಗ್ಗೆ ಎಲ್ಲಾ ವಿಂಡೋ ಮತ್ತೆ ತೆರೆಯೋ ಸೋಮಾರಿತನಕ್ಕೆ ನಾನು ಅದನ್ನು ಆರಿಸುತ್ತಲೇ ಇರಲಿಲ್ಲ. ಸ್ಕ್ರೀನ್ ಕಪ್ಪಾದರೆ ಮಲಗಿದೆ ಅಂತ ನನ್ನ ಲೆಕ್ಕ.

ಅವತ್ತು ರಾತ್ರಿ ಹನ್ನೊಂದಕ್ಕೆ ನಾವಿಬ್ಬರೂ ಒಂದು ಕೆಲಸ ಮಾಡಿದೆವು. ನೀವೂ ಮಾಡಿ ನೋಡಬಹುದು, ಹತ್ತು ನಿಮಿಷ ಸಾಕು. ಡಿಜಿಟಲ್ ಮೀಟರ್‌ನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದಲ್ಲ, ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಅಂತ ಮೀಟರ್ ಮೇಲೇ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200. ಗಂಡ ಕೆಳಗೆ ಪಾರ್ಕಿಂಗ್‌ನಲ್ಲಿ ಮೀಟರ್ ಮುಂದೆ ನಿಂತ, ನಾನು ಮೇಲೆ ಫೋನ್ ಹಿಡಿದೆ. ದೀಪ, ಫ್ಯಾನ್, ಫ್ರಿಜ್ ಎಲ್ಲಾ ಆಫ್. "ಮನೆ ಪೂರ್ತಿ ಮಲಗಿದೆ" ಅಂದುಕೊಳ್ಳುವ ಹೊತ್ತಿನ ಸ್ಥಿತಿ. ಐದು ನಿಮಿಷಕ್ಕೆ 28 ಸಲ ಮಿಣುಕಿತು. ಅಂದ್ರೆ ಏನೂ ಓಡ್ತಿಲ್ಲ ಅಂತ ನಾವು ನಂಬಿದ್ದ ಮನೆಯಲ್ಲಿ ನೂರು ವ್ಯಾಟ್ ಮೇಲೆ ಓಡ್ತಾನೇ ಇತ್ತು. ಕಂಪ್ಯೂಟರ್, ಸ್ಕ್ರೀನ್‌ಗಳ ಪ್ಲಗ್ ಕಿತ್ತೆ. 28 ಇದ್ದದ್ದು 9ಕ್ಕೆ ಇಳಿಯಿತು. ಉಳಿದದ್ದು ವೈಫೈ, ಸೆಟ್‌ಟಾಪ್ ಬಾಕ್ಸ್ ಥರದ ಚಿಲ್ಲರೆ.

ರಾತ್ರಿ ಮತ್ತು ಶನಿವಾರ-ಭಾನುವಾರ ಸುಮ್ಮನೆ ಓಡುವುದನ್ನು ಮಾತ್ರ ಲೆಕ್ಕ ಹಾಕಿದರೂ ನನ್ನ ಮಿಷನ್ ತಿಂಗಳಿಗೆ 35 ಯೂನಿಟ್ ಮೇಲೆ ತಿನ್ನುತ್ತಿತ್ತು. ಅಮ್ಮನ ಸ್ನಾನ? 15 ಲೀಟರ್ ಟ್ಯಾಂಕ್, 2000 ವ್ಯಾಟ್ ಗೀಸರ್. ತಣ್ಣೀರು ಪೂರ್ತಿ ಕಾಯೋಕೆ ಇಪ್ಪತ್ತು ನಿಮಿಷ, ಸುಮಾರು ಮುಕ್ಕಾಲು ಯೂನಿಟ್. ತಿಂಗಳಿಗೆ ಇಪ್ಪತ್ತೋ ಇಪ್ಪತ್ತೆರಡೋ. ಗೀಸರ್ ಸ್ವಿಚ್ ಮರೆತರೂ ನೀರು ಕಾದ ಮೇಲೆ ಅದು ತಾನಾಗಿ ನಿಲ್ಲುತ್ತದೆ, ಆರಿದಾಗ ಮಾತ್ರ ಮತ್ತೆ ಕಾಯಿಸುತ್ತದೆ. ಆಫ್ ಮಾಡುವುದು ಒಳ್ಳೆಯದೇ, ಆದರೆ 207ಕ್ಕೆ ಅದು ಕಾರಣವಾಗಿರಲಿಲ್ಲ.

ಈಗ ಕಂಪ್ಯೂಟರ್‌ಗೆ ಸಂಬಂಧಪಟ್ಟದ್ದೆಲ್ಲ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದ್ದೇನೆ, ಕೆಲಸ ಮುಗಿದರೆ ಒಂದೇ ಸ್ವಿಚ್. ಮೊದಲು ಆರಕ್ಕೊಬ್ಬರು, ಎಂಟಕ್ಕೊಬ್ಬರು, ಹತ್ತಕ್ಕೊಬ್ಬರು ಸ್ನಾನಕ್ಕೆ ಹೋಗುತ್ತಿದ್ದೆವು, ಈಗ ಒಬ್ಬರ ಹಿಂದೆ ಒಬ್ಬರು. ಹಾಲ್‌ನ ಹಳೆ ಫ್ಯಾನ್ 75 ವ್ಯಾಟ್‌ನದ್ದು, ಅದನ್ನು ತೆಗೆದು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆವು. ಅದರ ರಿಮೋಟ್ ಕಂಡರೆ ಅಮ್ಮನಿಗೆ ಆಗುವುದಿಲ್ಲ. ಇನ್ನು ಗ್ಯಾಸ್ ವಿಷಯದಲ್ಲಿ ಅವಳೇ ನಮಗೆ ಮೇಷ್ಟ್ರು. ಬೇಳೆ ಮೊದಲೇ ನೆನೆಹಾಕುತ್ತಾಳೆ, ಅನ್ನ-ಬೇಳೆ ಒಂದೇ ಕುಕ್ಕರಿನಲ್ಲಿ ಇಡುತ್ತಾಳೆ, ಸೀಟಿ ಆದಮೇಲೆ ಆರಿಸಿ ಪ್ರೆಶರ್ ತಾನಾಗಿ ಇಳಿಯಲು ಬಿಡುತ್ತಾಳೆ. ಅದೇ ಅಮ್ಮ ಫ್ರಿಜ್ ಬಾಗಿಲು ತೆರೆದಿಟ್ಟುಕೊಂಡು "ನಾನು ಏನು ತಗೊಳ್ಳೋಕೆ ಬಂದೆ?" ಅಂತ ಯೋಚಿಸುತ್ತಾ ನಿಲ್ಲುತ್ತಾಳೆ. ಅದಕ್ಕೆ ನಾನು ಈಗ ಏನೂ ಅನ್ನುವುದಿಲ್ಲ.

ಜನವರಿ ಕೊನೆಗೆ ಬಂದ ಬಿಲ್ 166 ಯೂನಿಟ್. 138 ದಾಟಿದ್ದಕ್ಕೆ ಸ್ವಲ್ಪ ಕಟ್ಟಿದೆವು. ಅಮ್ಮ ಮಾತ್ರ ಬಿಸಿನೀರಿಗೆ ಮರಳಲು ಇನ್ನೂ ಎರಡು ವಾರ ತೆಗೆದುಕೊಂಡಳು. ನಾನೇ ದಿನಾ ಬಕೆಟ್ ತುಂಬಿಸಿಟ್ಟು ಕರೆಯಬೇಕಿತ್ತು.

ಶಿವರಾತ್ರಿ ಹೊತ್ತಿಗೆ ಅವಳು ಊರಿಗೆ ಹೋದಳು. ಈಗ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾಳೆ. ಮಂಡಿ ಸಮಾಚಾರ, ಅಡಿಕೆ ಸಮಾಚಾರ ಎಲ್ಲಾ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ ಇದ್ದೇ ಇರುತ್ತದೆ: "ಮಿಷನ್ ಆರಿಸಿದ್ಯಾ?"

"ಹ್ಞೂಂ" ಅಂತೀನಿ. ಫೋನ್ ಇಟ್ಟು, ಎದ್ದು ಹೋಗಿ ಆರಿಸಿ ಬರ್ತೀನಿ.