ಹಡಗಿಗೆ ದುಡ್ಡು ಕಟ್ಟೋಕ್ ಮುಂಚೆ

ನಮ್ಮ ಮಾರಿಕಣಿವೆ 2022ರಲ್ಲಿ ಕೋಡಿ ಬಿದ್ದಾಗ, 1933 ಆದ್ಮೇಲೆ ಇದೇ ಮೊದಲು ಅಂತ ಊರಿಗೆ ಊರೇ ಹಿರಿಯೂರಿನ ಕಡೆ ಹೋತು. ನಾವು ಅಕ್ಕತಂಗೇರು ಮೂರೂ ಜನ ಹೋಗಿದ್ವಿ. ಹೊಸದುರ್ಗದ ನಮ್ಮಕ್ಕ, "ಇಷ್ಟ್ ನೀರೇ ಹಿಂಗೈತೆ, ಇನ್ನ ಸಮುದ್ರ ಹೆಂಗಿರ್ತೈತೋ" ಅಂದ್ಲು. ಅರವತ್ತು ದಾಟೈತೆ, ಸಮುದ್ರ ಕಂಡೋಳಲ್ಲ. ನಮ್ ಭಾವ ಕರ್ಕಂಡು ಹೋಗ್ತೀನಿ ಅಂತಿದ್ರು. ತೋಟ, ಅಡಿಕೆ ಕೊಯ್ಲು ಅನ್ನೋದ್ರಾಗೇ ಹೋಗ್ಬಿಟ್ರು.

ಈ ಸಲ ನನ್ನ ಚೀಟಿ ದುಡ್ಡು ಬಂತು. ಹೊಳಲ್ಕೆರೆ ತಂಗಿ, "ದೊಡ್ಡ ಹಡಗಲ್ಲೇ ಹೋಗಾನ ಕಣಕ್ಕ" ಅಂತ ಹಟ ಹಿಡಿದ್ಲು. ವಿಚಾರಿಸಿದ್ದನ್ನ ನಿಮಗೂ ಹೇಳ್ತೀನಿ, ಉಪಯೋಗಕ್ಕೆ ಬಂದೀತು.

ಮುಂಬೈಯಿಂದ ಕಾರ್ಡೀಲಿಯಾದವರು 2021ರಲ್ಲಿ ಎಂಪ್ರೆಸ್ ಅನ್ನೋ ಹಡಗು ಶುರು ಮಾಡಿದ್ರು. ಹನ್ನೊಂದು ಅಂತಸ್ತು. ಗೋವಾಕ್ಕೆ ಹೋಗಿ ಬರೋಕೆ ಎರಡು ರಾತ್ರಿ. ಊಟ ಟಿಕೀಟಲ್ಲೇ ಸೇರೈತೆ, ಜೈನರ ಅಡಿಗೆನೂ ಸಿಗ್ತೈತೆ. ಮುದ್ದೆ ಮಾತ್ರ ಕೇಳಬ್ಯಾಡ್ರಿ! ಕಿಟಕಿ ಇಲ್ಲದ ಒಳಗಿನ ರೂಮು ಅಗ್ಗ, ಕಿಟಕಿ ಇದ್ರೆ ಜಾಸ್ತಿ, ಬಾಲ್ಕನಿ ಬೇಕಂದ್ರೆ ಇನ್ನೂ ಜಾಸ್ತಿ.

ಗದ್ದಲ ಬ್ಯಾಡ ಅನ್ನೋರಿಗೆ ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ 'ಸಮುದ್ರಂ' ಪ್ರವಾಸ ಐತೆ, ಐದು ದಿನದ್ದು. ರಾತ್ರಿ ಹಡಗಲ್ಲಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪದಲ್ಲಿ. ಪರ್ಮಿಟ್ ಮಾಡಿಸ್ಬೇಕು. ಎಷ್ಟೋ ಸಲ ಹಡಗಿಂದ ಸಣ್ಣ ದೋಣಿಗೆ ಇಳೀಬೇಕಾಗ್ತೈತೆ. ಅಕ್ಕನ ಮಂಡಿಗೆ ಅದಾಗದ ಮಾತು.

ನಮಗೆ ಸಿಕ್ಕ ಏಜೆಂಟು ಮೊದಲು ಹೇಳಿದ ರೇಟೇ ಬೇರೆ. ಬಂದರಿನ ಚಾರ್ಜು, ಜಿಎಸ್‌ಟಿ, ಟಿಪ್ಸು ಅಂತ ಸೇರಿಸ್ತಾ ಸೇರಿಸ್ತಾ ತಲಾ ಏಳೆಂಟು ಸಾವಿರ ಏರಿಸಿದ. ಅದೂ ರೂಮಿಗೆ ಇಬ್ಬರ ಲೆಕ್ಕ, ನಾವು ಮೂವರು. ಅದಕ್ಕೇ ಹೇಳ್ತೀನಿ, "ಎಲ್ಲಾ ಸೇರಿ ಎಷ್ಟಪ್ಪ?" ಅಂತ ಕೇಳಿ ಬರೆಸ್ಕಂಡೇ ದುಡ್ಡು ಕೊಡ್ರಿ.

ನಾನು ಕಿಟಕಿ ರೂಮು ಅಂತೀನಿ, ತಂಗಿ ಒಳಗಿನ ರೂಮು ಸಾಕು, ಮೇಲೆ ಡೆಕ್ಕಲ್ಲಿ ಕುಂತ್ರಾತು ಅಂತಾಳೆ. ಜಗಳ ಆಗೋ ಹಂಗಾತು. ಸುಮ್ಮನೆ ಕಡ್ಲೆಕಾಯಿ ಸುಲೀತಿದ್ದ ಅಕ್ಕ ಕೇಳಿದ್ಲು, "ಆ ಹಡಗಲ್ಲಿ ನೀರಿಗೆ ಕಾಲಿಡಾಕೆ ಆಗ್ತೈತಾ?"

ನಾವಿಬ್ರೂ ಬಾಯಿ ಮುಚ್ಕಂಡ್ವಿ. ಇಷ್ಟು ದಿನದಾಗೆ ಅವಳನ್ನ ಒಂದು ಮಾತು ಕೇಳಿರಲಿಲ್ಲ.

ಮಲ್ಪೆಗೆ ಹೋದ್ವಿ. ತಂಗಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ನೋಡ್ಕಂಡು ಬಂದು ವಾಂತಿ ಮಾಡ್ಕಂಡ್ಲು. ಅಷ್ಟಕ್ಕೇ ಹಿಂಗಾದ್ರೆ ಎರಡು ರಾತ್ರಿ ಹೆಂಗೆ ಕಳೀತಿದ್ಲೋ! ಮಳೆಗಾಲದಲ್ಲಿ ಆ ದೋಣಿ ಬಿಡಲ್ಲ, ನೆನಪಿರಲಿ.

ಅಕ್ಕ ಮಾತ್ರ ನನ್ನ ಕೈ ಹಿಡ್ಕಂಡು ಮಂಡಿವರೆಗೂ ನೀರಲ್ಲಿ ನಿಂತ್ಲು. ಬೊಗಸೆ ತುಂಬ ನೀರು ಎತ್ತಿ ಮೂರು ಸಲ ಬಿಟ್ಲು. ಯಾರ ಹೆಸರಲ್ಲಿ ಅಂತ ನಾನು ಕೇಳಲಿಲ್ಲ.

ಉಳಿದ ದುಡ್ಡು ಪೋಸ್ಟಾಫೀಸಲ್ಲೈತೆ. ಹಡಗಿನ ಮಾತು ಬಂದ್ರೆ ಈಗ ಮೊದಲು ಅಕ್ಕನ್ನ ಕೇಳ್ತೀವಿ.