ನಡುಗುವ ಕನ್ನಡಿ

ಮನೆಯ ಗೋಡೆಯ ಮೇಲಿರುವ ಕನ್ನಡಿಗೂ ಮೋಟಾರ್ ಸೈಕಲಿನ ಹ್ಯಾಂಡಲಿನ ಮೇಲಿರುವ ಕನ್ನಡಿಗೂ ಒಂದು ವ್ಯತ್ಯಾಸವುಂಟು. ಮೊದಲನೆಯದು ನಮ್ಮ ಮುಖವನ್ನು ನಮಗೆ ತೋರಿಸುತ್ತದೆ. ಎರಡನೆಯದು ನಮ್ಮ ಬೆನ್ನ ಹಿಂದಿನ ಲೋಕವನ್ನು ತೋರಿಸುತ್ತದೆ. ಮೊದಲನೆಯದರ ಮುಂದೆ ನಾವು ಎಷ್ಟು ಹೊತ್ತಾದರೂ ನಿಲ್ಲಬಹುದು. ಎರಡನೆಯದರ ಕಡೆಗೆ ಕ್ಷಣಮಾತ್ರ ಕಣ್ಣು ಹಾಯಿಸಿ, ಮತ್ತೆ ಮುಂದಿನ ದಾರಿಗೆ ದೃಷ್ಟಿಯನ್ನು ಮರಳಿಸಬೇಕು. ಆ ಒಂದು ಕ್ಷಣದಲ್ಲಿ ಅದು ತಿಳಿಸಬೇಕಾದುದನ್ನು ಸ್ಪಷ್ಟವಾಗಿ ತಿಳಿಸದಿದ್ದರೆ ಇದ್ದೂ ಇಲ್ಲದಂತೆಯೇ ಸರಿ.

ನನ್ನಲ್ಲಿ ಒಂಟಿ ಸಿಲಿಂಡರಿನ ಹಳೆಯ ಮೋಟಾರ್ ಸೈಕಲೊಂದಿದೆ. ಅಧ್ಯಾಪಕನಾಗಿದ್ದಾಗ ದಿನವೂ ನನ್ನನ್ನು ಹಳ್ಳಿಯ ಪ್ರೌಢಶಾಲೆಗೆ ಹೊತ್ತೊಯ್ಯುತ್ತಿದ್ದ ಅದು, ನಿವೃತ್ತನಾದ ಮೇಲೂ ನನ್ನ ಸಂಗವನ್ನು ಬಿಟ್ಟಿಲ್ಲ. ಒಮ್ಮೆ ನಾನೂ ನನ್ನ ಶ್ರೀಮತಿಯೂ ಅದರ ಮೇಲೆ ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಹೊರಟಿದ್ದೆವು. ಊರೊಳಗೆ ಮೆಲ್ಲಗೆ ಸಾಗುವಾಗ ಕನ್ನಡಿ ತೆಪ್ಪಗಿತ್ತು. ವೇಗವು ಗಂಟೆಗೆ 60 ಕಿಲೋಮೀಟರಿನ ಹತ್ತಿರಕ್ಕೆ ಬರುತ್ತಲೇ ಅದು ಗಡಗಡನೆ ನಡುಗತೊಡಗಿತು. ಆಕಾಶ, ರಸ್ತೆ, ಮರಗಳು ಎಲ್ಲವೂ ಅದರೊಳಗೆ ಕದಡಿದ ಬಣ್ಣದ ನೀರಿನಂತೆ ಒಂದಾಗಿ ಹೋದವು. ನಮ್ಮ ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಸಾಗುತ್ತಿತ್ತು. ಅದನ್ನು ದಾಟಬೇಕೆಂದು ಬಲಗಡೆಯ ಕನ್ನಡಿಯನ್ನು ನೋಡಿದೆ. ಕಂದು ಬಣ್ಣದ ಮಸುಕೊಂದು ಕಂಡಿತು. ಅದು ದೂರದ ಗುಡ್ಡವೋ ಹತ್ತಿರದ ವಾಹನವೋ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದೆ ಕುಳಿತಿದ್ದ ಶ್ರೀಮತಿ, “ರೀ, ತಡೀರಿ! ಲಾರಿ ಬಂತು” ಎಂದು ಕೂಗಿದಳು. ಮರುಕ್ಷಣವೇ ಭಾರಿ ಲಾರಿಯೊಂದು ಭರ್ರನೆ ನಮ್ಮನ್ನು ದಾಟಿಕೊಂಡು ಹೋಯಿತು. ಅದರ ಗಾಳಿಗೆ ನಮ್ಮ ಬಂಡಿ ಒಮ್ಮೆ ತೂಗಾಡಿತು. ಕನ್ನಡಿ ಹೇಳಲಾರದೆ ಹೋದುದನ್ನು ಅವಳ ಕಣ್ಣುಗಳು ಕಂಡು ಹೇಳಿದ್ದವು.

ಕನ್ನಡಿಯ ಈ ನಡುಕ ನಿನ್ನೆ ಮೊನ್ನೆಯದಲ್ಲ. ಅಮೆರಿಕಾದ ಇಂಡಿಯಾನಾಪೊಲಿಸ್ ನಗರದಲ್ಲಿ 1911ನೆಯ ಇಸವಿ ಮೇ 30ರಂದು 500 ಮೈಲಿಗಳ ಮೋಟಾರು ಪಂದ್ಯ ಮೊದಲ ಬಾರಿಗೆ ನಡೆಯಿತು. ಆ ಕಾಲದ ಪಂದ್ಯದ ಕಾರುಗಳಲ್ಲಿ ಚಾಲಕನ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕುಳಿತಿರುತ್ತಿದ್ದನು. ಹಿಂದಿನಿಂದ ಬರುವವರನ್ನು ಗಮನಿಸಿ ತಿಳಿಸುವುದೂ ಅವನ ಕೆಲಸವಾಗಿತ್ತು. ರೇ ಹ್ಯಾರೂನ್ ಎಂಬ ಚಾಲಕನಾದರೋ ಒಬ್ಬನೇ ಕುಳಿತು ಓಡಿಸುವ ಕಾರನ್ನು ತಂದನು. ಹಿಂದೆ ನೋಡುವವರಿಲ್ಲದ ಕಾರಿನಿಂದ ಅಪಾಯವೆಂದು ಇತರರು ಆಕ್ಷೇಪಿಸಿದರು. ಹ್ಯಾರೂನನ ಕಣ್ಣೆದುರಿಗೆ ಒಂದು ಕನ್ನಡಿಯನ್ನು ಅಳವಡಿಸಲಾಯಿತು. ಪಂದ್ಯವನ್ನು ಅವನೇ ಗೆದ್ದನು. ಆದರೆ ಇಟ್ಟಿಗೆ ಹಾಸಿದ ಆ ಹಾದಿಯ ಕುಲುಕಾಟಕ್ಕೆ ಕನ್ನಡಿ ಬಹಳವಾಗಿ ನಡುಗಿ, ಅದರಲ್ಲಿ ತನಗೆ ಏನೂ ಕಾಣಿಸಲಿಲ್ಲವೆಂದು ಮುಂದೆ ಅವನೇ ಹೇಳಿಕೊಂಡನಂತೆ! ಈ ಸಂಗತಿಯನ್ನು ಕೇಳಿ ನನ್ನ ಶ್ರೀಮತಿ, “ಹಾಗಾದರೆ ಆ ಮೆಕ್ಯಾನಿಕ್ಕಿನ ಕೆಲಸ ಈಗ ನನ್ನದು ಅನ್ನಿ” ಎಂದು ನಕ್ಕಳು.

ಕನ್ನಡಿ ಏಕೆ ನಡುಗುತ್ತದೆ? ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ಎಡೆಬಿಡದೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ 50 ಸಲ ಏರಿ 50 ಸಲ ಇಳಿಯುತ್ತದೆ. ಈ ಓಡಾಟದ ಎಳೆತವನ್ನು ಸರಿದೂಗಿಸಲು ಕ್ರ್ಯಾಂಕಿಗೆ ಎದುರು ತೂಕವನ್ನು ಜೋಡಿಸಿರುತ್ತಾರೆ. ಆದರೆ ಪಿಸ್ಟನ್ ನೇರವಾಗಿ ಚಲಿಸುತ್ತದೆ, ಎದುರು ತೂಕವು ಚಕ್ರಾಕಾರವಾಗಿ ಸುತ್ತುತ್ತದೆ. ಆದುದರಿಂದ ಒಂದು ಮತ್ತೊಂದನ್ನು ಪೂರ್ತಿಯಾಗಿ ಸಮಾಧಾನಗೊಳಿಸಲಾರದು. ಉಳಿದ ಕಂಪನವು ಚೌಕಟ್ಟಿನ ಮೂಲಕ ಹ್ಯಾಂಡಲಿಗೂ, ಅಲ್ಲಿಂದ ಕನ್ನಡಿಯ ಕಂಬಿಗೂ ಏರುತ್ತದೆ.

ಹಾಗಿದ್ದರೆ ಎಲ್ಲ ವೇಗಗಳಲ್ಲಿಯೂ ಕನ್ನಡಿ ಒಂದೇ ಸಮನೆ ನಡುಗುವುದಿಲ್ಲವೇಕೆ? ನಾಗರಪಂಚಮಿಯ ಉಯ್ಯಾಲೆಯನ್ನು ನೆನೆದುಕೊಳ್ಳಿ. ಅದು ಹಿಂದಕ್ಕೆ ಬಂದು ಮುಂದಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಮೆಲ್ಲಗೆ ನೂಕುತ್ತಾ ಹೋದರೆ ಸಾಕು, ಉಯ್ಯಾಲೆ ಮುಗಿಲಿಗೇರುತ್ತದೆ. ಕಂಬಿಯ ತುದಿಯಲ್ಲಿರುವ ಕನ್ನಡಿಗೂ ತೂಗುವ ತನ್ನದೇ ಲಯವೊಂದುಂಟು. ಎಂಜಿನ್ನಿನ ಮಿಡಿತ ಆ ಲಯಕ್ಕೆ ಹೊಂದಿಕೊಂಡಾಗ ಸಣ್ಣ ಕಂಪನವೂ ದೊಡ್ಡದಾಗುತ್ತದೆ. ಇದನ್ನೇ ಭೌತವಿಜ್ಞಾನದಲ್ಲಿ ಅನುನಾದವೆನ್ನುತ್ತಾರೆ. ಇದಲ್ಲದೆ, ದರ್ಪಣವು ಎಷ್ಟು ಕೋನ ತಿರುಗುತ್ತದೆಯೋ ಅದರ ಎರಡರಷ್ಟು ನಮ್ಮ ನೋಟದ ರೇಖೆ ತಿರುಗುತ್ತದೆ. ಸಮತಲ ದರ್ಪಣವೊಂದು ಅರ್ಧ ಡಿಗ್ರಿ ಅಲುಗಿದರೂ 50 ಮೀಟರ್ ಹಿಂದೆ ನಮ್ಮ ನೋಟ ಸುಮಾರು 87 ಸೆಂಟಿಮೀಟರ್ ಅತ್ತಿತ್ತ ಹೊಯ್ದಾಡುತ್ತದೆ. ಲಾರಿಯು ಮಸುಕಾಗಿ ಕಂಡುದರಲ್ಲಿ ಆಶ್ಚರ್ಯವೇನು!

ಹೊಸ ಕನ್ನಡಿಗಳನ್ನು ಹಾಕಿಸಬೇಕೆಂದು ನಾನು ನಮ್ಮ ಊರಿನ ಮೆಕ್ಯಾನಿಕ್ಕಿನ ಅಂಗಡಿಗೆ ಹೋದೆ. ಆತ ಬಂಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನನ್ನು ಚಾಲೂ ಮಾಡಿ, ಮೆಲ್ಲಮೆಲ್ಲನೆ ವೇಗವನ್ನು ಏರಿಸಿದನು. ಒಂದು ಹಂತದಲ್ಲಿ ಕನ್ನಡಿ ನಡುಗಿತು. ಕೂಡಲೆ ಅದರ ಬೆನ್ನಿಗೆ ಒಂದು ಬೆರಳನ್ನು ಒತ್ತಿ ಹಿಡಿದನು. ಮೊಳಗುವ ಜಾಗಟೆಯನ್ನು ಬೆರಳು ಮುಟ್ಟಿಸಿ ನಿಲ್ಲಿಸಿದಂತೆ ನಡುಕ ನಿಂತು, ಎದುರು ಬೀದಿಯ ಅಂಗಡಿಯ ಹೆಸರುಹಲಗೆ ಅದರಲ್ಲಿ ಸ್ಪಷ್ಟವಾಗಿ ಮೂಡಿತು. “ಮೇಷ್ಟ್ರೇ, ಕನ್ನಡೀಗೆ ಏನೂ ಆಗಿಲ್ಲ. ನಿಂತಿರೋ ಗಾಡೀಲೇ ನಡುಕ ಬರ್ತಿದೆ ಅಂದ್ರೆ ಇದು ರಸ್ತೆಯದೂ ಅಲ್ಲ, ಚಕ್ರದ್ದೂ ಅಲ್ಲ. ಕೆಳಗಡೆ ನೋಡಬೇಕು” ಎಂದನು. ಬಗ್ಗಿ ಒಂದೊಂದೇ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಪರೀಕ್ಷಿಸಿದನು. ಎಂಜಿನ್ನನ್ನು ಚೌಕಟ್ಟಿಗೆ ಬಿಗಿಯುವ ಬೋಲ್ಟುಗಳಲ್ಲಿ ಒಂದು ಸಡಿಲವಾಗಿತ್ತು.

ಆತ ಅದನ್ನು ಬಿಗಿದನು. ಹ್ಯಾಂಡಲಿನ ಹಿಡಿಪುಗಳನ್ನೂ ಕನ್ನಡಿಯ ಬುಡದ ನಟ್ಟುಗಳನ್ನೂ ಭದ್ರಪಡಿಸಿದನು. ಇಷ್ಟರಿಂದಲೇ ನಡುಕ ಬಹುಪಾಲು ಇಳಿಯಿತು. ಉಳಿದುದಕ್ಕಾಗಿ ಕನ್ನಡಿಯ ಬುಡಕ್ಕೆ ರಬ್ಬರಿನ ವಾಷರುಗಳನ್ನೂ ಹ್ಯಾಂಡಲಿನ ಎರಡು ತುದಿಗಳಿಗೆ ಲೋಹದ ತೂಕಗಳನ್ನೂ ಸೇರಿಸಿದನು. ರಬ್ಬರು ಕಂಪನವನ್ನು ತನ್ನೊಳಗೆ ಹೀರಿ ಕುಗ್ಗಿಸುತ್ತದೆ. ತೂಕವು ಹ್ಯಾಂಡಲಿನ ಲಯವನ್ನು ನಿಧಾನಗೊಳಿಸಿ ಎಂಜಿನ್ನಿನ ಮಿಡಿತದೊಡನೆ ಅದರ ಹೊಂದಿಕೆಯನ್ನು ತಪ್ಪಿಸುತ್ತದೆ. ಕಂಬಿಯನ್ನು ಗಿಡ್ಡ ಮಾಡಿದರೂ ಲಯ ಬದಲಾಗುತ್ತದೆ. ಆದರೆ ಆಗ ಕನ್ನಡಿಯಲ್ಲಿ ರಸ್ತೆಯ ಬದಲು ನಮ್ಮ ಮೊಣಕೈಯೇ ಕಾಣಿಸೀತು! ಈಚಿನ ಎಷ್ಟೋ ಎಂಜಿನ್ನುಗಳಲ್ಲಿ ಕಂಪನವನ್ನು ಹುಟ್ಟುವಲ್ಲಿಯೇ ತಗ್ಗಿಸಲು, ಎದುರು ದಿಕ್ಕಿಗೆ ಸುತ್ತುವ ಸಮತೋಲನ ದಂಡವೊಂದನ್ನು ಇರಿಸುತ್ತಾರೆ.

ಆ ದಿನ ನಾನು ಹೊಸ ಕನ್ನಡಿಗಳನ್ನು ಕೊಳ್ಳಲಿಲ್ಲ. ಕೊಂಡಿದ್ದರೆ ಏನಾಗುತ್ತಿತ್ತು? ಗಟ್ಟಿಯಾದ ಕಂಬಿಯ ಮೇಲೆ ಕನ್ನಡಿ ಸುಮ್ಮನಿರುತ್ತಿತ್ತೇನೋ. ಕೆಳಗಿನ ಬೋಲ್ಟು ಮಾತ್ರ ದಿನದಿನಕ್ಕೆ ಸಡಿಲವಾಗುತ್ತಲೇ ಇರುತ್ತಿತ್ತು. ಹಿಂದಿನದನ್ನು ತೋರಿಸಲೆಂದು ಇರಿಸಿದ ಕನ್ನಡಿಯು ತನ್ನ ನಡುಕದಿಂದ ನಮ್ಮ ಕೆಳಗಿನ ಕೊರತೆಯನ್ನು ಸಾರುತ್ತಿತ್ತು. ಪಾಠ ಓದಲು ಎದ್ದುನಿಂತ ಹುಡುಗನ ಧ್ವನಿ ನಡುಗಿದರೆ, “ಗಟ್ಟಿಯಾಗಿ ಓದು” ಎಂದು ಗದರಿಸುವುದು ಸುಲಭ; ಅವನು ಬೆಳಗ್ಗೆ ಏನಾದರೂ ಉಂಡು ಬಂದನೇ ಎಂದು ವಿಚಾರಿಸುವುದು ಕಷ್ಟ. ಆದರೆ ಧ್ವನಿ ಸರಿಹೋಗುವುದು ಎರಡನೆಯದರಿಂದಲೇ ಎಂಬುದನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ. ನಡುಗುವುದನ್ನು ಅದುಮಿ ಹಿಡಿಯಲು ಒಂದು ಬೆರಳು ಸಾಕು. ಅದು ಏಕೆ ನಡುಗುತ್ತಿದೆಯೆಂದು ಅರಿಯಬೇಕಾದರೆ ಮಾತ್ರ ನೆಲದ ಮೇಲೆ ಕುಳಿತು, ಬಗ್ಗಿ ನೋಡಬೇಕು.